ತತ್ವಶಾಸ್ತ್ರಕ್ಕೆ ಏನು ಕಾಯಿಲೆ

ನನ್ನನ್ನು ನೋಡಲು ಬರುವ ಗಂಡು ಎಂ.ಎ. ಓದಿದ್ದಾನೆ ಎಂಬ ಸುದ್ದಿ ಯಲ್ಲದಕೆರೆಗೆ ಗಂಡಿಗಿಂತ ಮೊದಲೇ ಬಂದು ತಲುಪಿತ್ತು. ಅಷ್ಟು ಓದಿದವರನ್ನು ನಮ್ಮೂರಿನಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಮದುವೆಯ ಮಾತು ತಂದವರು ಹಿರಿಯೂರಿನಲ್ಲಿದ್ದ ನಮ್ಮ ಸೋದರಮಾವ. "ಮೈಸೂರ್ನಾಗೆ ಓದ್ಯಾನೆ. ತತ್ವಶಾಸ್ತ್ರ," ಎಂದರು. ನಮ್ಮಪ್ಪನ ಕಿವಿಗೆ 'ಶಾಸ್ತ್ರ' ಬೀಳಲೇ ಇಲ್ಲ, 'ತತ್ವ' ಮಾತ್ರ ಬಿತ್ತು. ಅಪ್ಪನಿಗೆ ತತ್ವಪದ ಎಂದರೆ ಪ್ರಾಣ. ಹೊಲದ ಕೆಲಸ ಮುಗಿಸಿ ಬಂದ ಮೇಲೆ ಊರಿನ ನಾಲ್ಕು ಜನರನ್ನು ಸೇರಿಸಿಕೊಂಡು, ದಮ್ಮಡಿ ಬಡಿಯುತ್ತ ಹಾಡಲು ಕುಳಿತರೆಂದರೆ ಅವ್ವ ಊಟಕ್ಕೆ ಕರೆದು ಕರೆದು ಸುಸ್ತಾಗುತ್ತಿದ್ದಳು.

ಗಂಡಿನ ಕಡೆಯವರು ಬಂದರು. ಅವಲಕ್ಕಿ, ಬಾಳೆಹಣ್ಣು, ಹಾಲು ಎಲ್ಲ ಆಯಿತು. ನಾನು ಬಾಗಿಲ ಹಿಂದೆ ನಿಂತು ಸಂದಿಯಿಂದ ನೋಡುತ್ತಿದ್ದೆ. ಅಪ್ಪ ಗೋಡೆಗೆ ತೂಗುಹಾಕಿದ್ದ ಏಕತಾರಿಯನ್ನು ಇಳಿಸಿ, ಪಂಚೆಯ ಸೆರಗಿನಿಂದ ಒರೆಸಿ, ಭಕ್ತಿಯಿಂದ ಹುಡುಗನ ಕೈಗೆ ಕೊಟ್ಟರು.

"ಒಂದು ಪದ ಹೇಳ್ರಿ," ಎಂದರು.

ಹುಡುಗ ಬೇರೆಯವರ ಎಳೆಗೂಸನ್ನು ಎತ್ತಿಕೊಂಡವನ ಹಾಗೆ ಏಕತಾರಿಯನ್ನು ಹಿಡಿದುಕೊಂಡು, "ಯಾವ ಪದ?" ಎಂದ.

"ತತ್ವದ್ದು. ನೀವು ಓದಿದ್ದು ಅದೇ ಅಲ್ವೇನ್ರಿ?"

"ತತ್ವಶಾಸ್ತ್ರದಾಗೆ ಹಾಡೋದಿಲ್ಲ."

"ಮತ್ತೇನ್ ಮಾಡ್ತಾರೆ?"

"ವಿಚಾರ ಮಾಡ್ತಾರೆ."

"ಯಾವುದರ ವಿಚಾರ?"

"ಎಲ್ಲದರದ್ದೂ."

ಅಪ್ಪ, "ವಿಚಾರ ಮಾಡಿ ಆದ್ಮೇಲೆ?" ಎಂದು ಕೇಳಿದರು.

"ಆಗೋದಿಲ್ಲ," ಎಂದ ಹುಡುಗ, ಬಹಳ ಪ್ರಾಮಾಣಿಕವಾಗಿ. "ಮುಂದಕ್ಕೆ ಹೋಗ್ತಾನೇ ಇರ್ತೈತೆ."

ಹುಡುಗನ ತಂದೆ, ಅಂದರೆ ಮುಂದೆ ನನಗೆ ಮಾವನಾದವರು, ಹೊಳಲ್ಕೆರೆಯಲ್ಲಿ ಅಡಿಕೆ ಮಂಡಿ ಇಟ್ಟಿದ್ದ ವ್ಯಾಪಾರಸ್ಥರು. ಮಾತು ಕೆಡುತ್ತಿದೆ ಎಂದು ಅವರಿಗೆ ಬೇಗ ತಿಳಿಯುತ್ತಿತ್ತು. "ಮೈಸೂರು ನೀರಿಗೆ ನಮ್ಮ ಹುಡುಗನ ಗಂಟಲು ಕೆಟ್ಟೈತೆ. ಹಾಡೋದು ಆಮೇಲೆ ಕಲಿತಾನೆ ಬಿಡ್ರಿ," ಎಂದು ಕೆಮ್ಮಿದರು.

ಅವರು ಹೋದ ಮೇಲೆ ಅಪ್ಪ ಏಕತಾರಿಯನ್ನು ಮತ್ತೆ ಗೋಡೆಗೆ ಸಿಕ್ಕಿಸುತ್ತ, "ಪಾಪ, ಅಷ್ಟು ವರ್ಷ ಇಟ್ಕಂಡು ಒಂದು ಪದಾನೂ ಕಲಿಸಿಲ್ಲ," ಎಂದು ಮರುಗಿದರು. ಆ ಮರುಕದಿಂದಲೇ ನನ್ನನ್ನು ಕೊಡಲು ಒಪ್ಪಿದರು ಎಂದು ನನಗೆ ಅನ್ನಿಸುತ್ತದೆ. ನಾನು ಒಪ್ಪಿದ್ದು ಬೇರೆ ಕಾರಣಕ್ಕೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾಗಲೂ ಸುಳ್ಳು ಹೇಳಿ ತಪ್ಪಿಸಿಕೊಳ್ಳದ ಆ ಹುಡುಗನ ಮುಖ ನೆನೆಸಿಕೊಂಡರೆ ನಗು ಬರುತ್ತಿತ್ತು. ನಗು ಬರಿಸುವವರ ಜೊತೆ ಬಾಳುವುದು ಕಷ್ಟವಾಗಲಾರದು ಎಂದುಕೊಂಡೆ.

ಮದುವೆಯಾಗಿ ನಾನು ಬರುವ ಹೊತ್ತಿಗೆ ಹೊಳಲ್ಕೆರೆಯ ಶಾಲೆಯಲ್ಲಿ ಇವರಿಗೆ ಮೇಷ್ಟರ ಕೆಲಸ ಸಿಕ್ಕಿತ್ತು. ಅಲ್ಲಿ ತತ್ವಶಾಸ್ತ್ರ ಕೇಳುವವರು ಯಾರು? ಇಂಗ್ಲಿಷು, ಚರಿತ್ರೆ ಕೊಟ್ಟಿದ್ದರು. ಡ್ರಿಲ್ ಮೇಷ್ಟರು ವರ್ಗವಾಗಿ ಹೋದ ಮೇಲೆ ಡ್ರಿಲ್ಲನ್ನೂ ಇವರ ತಲೆಗೇ ಕಟ್ಟಿದರು. ಒಂದು ದಿನ "ಎಡಕ್ಕೆ ತಿರುಗಿ" ಎಂದಾಗ, ಸಾಲಿನಲ್ಲಿದ್ದ ಒಬ್ಬ, "ನಿಮ್ಮ ಎಡಕ್ಕಾ, ನಮ್ಮ ಎಡಕ್ಕಾ ಸಾರ್?" ಎಂದು ಕೇಳಿದನಂತೆ. ಇವರು ಪ್ರಶ್ನೆ ಚೆನ್ನಾಗಿದೆ ಎಂದು ಯೋಚನೆಗೆ ಬಿದ್ದರು. ಹೆಡ್‌ಮಾಸ್ಟರು ಕಿಟಕಿಯಿಂದ ನೋಡಿದಾಗ ಇಡೀ ತರಗತಿ ಬಿಸಿಲಲ್ಲಿ ಒಂದು ಕಾಲು ಮುಂದಿಟ್ಟುಕೊಂಡು ನಿಂತಿತ್ತು, ಮೇಷ್ಟರು ಬೇವಿನ ಮರದ ಕೆಳಗೆ ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

ಇಷ್ಟರಲ್ಲೇ ಬದುಕು ಸಾಗುತ್ತಿತ್ತು. ಆದರೆ ನಮ್ಮ ಎದುರುಮನೆಯಲ್ಲಿ ಜವಳಿ ಅಂಗಡಿಯವರೊಬ್ಬರಿದ್ದರು. ಅವರಿಗೂ ನಮ್ಮ ಮಾವನಿಗೂ ಚಿಕ್ಕಂದಿನಿಂದ ಪೈಪೋಟಿ. ಮಾವ ಮನೆಗೆ ಸುಣ್ಣ ಹೊಡೆಸಿದರೆ ಅವರು ಬಾಗಿಲಿಗೆ ಬಣ್ಣ ಬಳಿಸುತ್ತಿದ್ದರು. ಮಾವ ಎತ್ತಿಗೆ ಗೆಜ್ಜೆ ಕಟ್ಟಿದರೆ ಅವರು ಕೊಂಬಿಗೆ ಹಿತ್ತಾಳೆ ಹಾಕಿಸುತ್ತಿದ್ದರು. ಆ ವರ್ಷ ಅವರು ಮಗಳನ್ನು ಡಾಕ್ಟರಿಗೆ ಕೊಟ್ಟು ಮದುವೆ ಮಾಡಿದರು. ಅಳಿಯ ಹಬ್ಬಕ್ಕೆ ಬಂದಾಗ ಕೈಯಲ್ಲಿ ಚರ್ಮದ ಚೀಲ, ಕೊರಳಲ್ಲಿ ರಬ್ಬರಿನ ಕೊಳವೆ. ಜವಳಿಯವರು ಜಗಲಿಯ ಮೇಲೆ ಕುರ್ಚಿ ಹಾಕಿಸಿ ಅಳಿಯನನ್ನು ಬೀದಿಗೆ ಕಾಣುವ ಹಾಗೆ ಕೂರಿಸಿದರು. ಇಡೀ ಹಬ್ಬ ನಮ್ಮ ಮಾವನ ಬಾಯಿಗೆ ಹೋಳಿಗೆ ರುಚಿಸಲಿಲ್ಲ.

ಆ ಸಂಜೆ ಮಾವ ಇವರನ್ನು ಕರೆದು, "ಲೇ, ನೀನೂ ಇಷ್ಟು ಓದಿದಿಯಲ್ಲ. ಇನ್ನೊಂದಿಷ್ಟು ಓದಿದ್ರೆ ಡಾಕ್ಟ್ರು ಆಗಾಕಾಗಲ್ವಾ?" ಎಂದು ಕೇಳಿದರು.

"ಆಗಬಹುದಪ್ಪ. ಎಂ.ಎ. ಆದಮೇಲೆ ಇರೋದು ಅದೇ. ಆದರೆ ಅದಕ್ಕೆ ಇಂಗ್ಲೆಂಡಿಗೆ ಹೋಗಬೇಕು, ಮೂರು ನಾಲ್ಕು ವರ್ಷ ಹಿಡಿತೈತೆ. ಆಮೇಲೆ ಅದು ನೀವು ಅಂದುಕೊಂಡಂಗೆ—"

ಮಾವ ಉಳಿದದ್ದನ್ನು ಕೇಳಲು ಅಲ್ಲಿರಲಿಲ್ಲ. ಶಲ್ಯ ಹೊದ್ದು ಎದುರುಮನೆಯ ಜಗಲಿ ಹತ್ತಿದ್ದರು. ಮರುದಿನದ ಸಂತೆಯ ಹೊತ್ತಿಗೆ ಅಡಿಕೆ ಮಂಡಿಯವರ ಮಗ ಇಂಗ್ಲೆಂಡಿಗೆ ಹೋಗಿ ಡಾಕ್ಟರಾಗಿ ಬರುತ್ತಾನೆ ಎನ್ನುವುದು ಭೀಮಸಮುದ್ರದವರೆಗೂ ಗೊತ್ತಾಯಿತು.

ಜನ ಇಂಗ್ಲೆಂಡಿಗೆ ಹೋಗಿ ಬರುವವರೆಗೆ ಕಾಯಲಿಲ್ಲ. ಮೊದಲು ಬಂದವರು ಪಕ್ಕದ ಹಳ್ಳಿಯ ಒಬ್ಬ ಗೌಡರು. ಬೆಳಗಿನಿಂದ ಬಿಕ್ಕಳಿಕೆ ನಿಂತಿರಲಿಲ್ಲ. ನೀರು ಕುಡಿದರು, ಸಕ್ಕರೆ ತಿಂದರು, ಯಾರೋ ಹಿಂದಿನಿಂದ ಹೆದರಿಸಿದರು, ಏನೂ ಆಗಲಿಲ್ಲ. ನಮ್ಮ ಜಗಲಿಯ ಮೇಲೆ ಕುಳಿತು ಇವರ ಕಡೆ ಕೈ ಚಾಚಿದರು. ಇವರಿಗೆ ನಾಡಿ ಹಿಡಿಯಲು ಬಾರದು. ಸುಮ್ಮನೆ ಕಳಿಸಲು ಸಂಕೋಚ. ಬಂದವರನ್ನು ಮಾತಾಡಿಸಬೇಕಲ್ಲ ಎಂದು ಕೇಳಿದರು:

"ಗೌಡ್ರೆ, ಈ ಬಿಕ್ಕಳಿಕೆ ತಾನಾಗೇ ನಿಮಗೆ ಬರ್ತೈತೋ, ನೀವೇ ಅದನ್ನ ತರ್ತೀರೋ?"

"ನಾನ್ ಯಾಕೆ ತರ್ಲಿ," ಎಂದರು ಗೌಡರು, ನಡುವೆ ಒಮ್ಮೆ ಬಿಕ್ಕಿ.

"ತರೋರು ನೀವಲ್ಲ ಅಂದ್ರೆ, ಬಿಕ್ತಾ ಇರೋರು ಯಾರು? ಬಿಕ್ಕಳಿಕೆ ನಿಮ್ಮೊಳಗೆ ಐತೋ, ಬಿಕ್ಕಳಿಕೆಯೊಳಗೆ ನೀವು ಇದೀರೋ?"

ಗೌಡರು ಬಾಯಿ ತೆರೆದುಕೊಂಡು ಯೋಚಿಸಿದರು. ಬಹಳ ಹೊತ್ತು ಯೋಚಿಸಿದರು. ಕೊನೆಗೆ ಅವರ ಮಗ, "ಅಪ್ಪ, ನಿಂತೈತಲ್ಲ," ಎಂದ. ನಿಂತೇ ಹೋಗಿತ್ತು. ಗೌಡರು ಎದ್ದು ಕೈಮುಗಿದು, ಒಂದು ಕುಂಬಳಕಾಯಿ ಇಟ್ಟು ಹೋದರು. ಅಲ್ಲಿಂದ ಮುಂದೆ ನಮ್ಮ ಮನೆಗೆ ಬಿಕ್ಕಳಿಕೆಯವರ ದಂಡೇ ಶುರುವಾಯಿತು. ಇವರ ಪ್ರಶ್ನೆ ಕೇಳಿ ಬಹಳ ಜನರಿಗೆ ವಾಸಿಯಾಯಿತು. ವಾಸಿಯಾಗದವರು ಇವರ ಜೊತೆ ವಾದಕ್ಕಿಳಿದವರು. ಹಬ್ಬಕ್ಕೆ ಬಂದು ಇನ್ನೂ ಅಲ್ಲೇ ಉಳಿದಿದ್ದ ಎದುರುಮನೆಯ ನಿಜವಾದ ಡಾಕ್ಟರು ಕುರ್ಚಿಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ಅವರ ಹತ್ತಿರ ಯಾರೂ ಹೋಗಲಿಲ್ಲ. ಮಾವನಿಗೆ ಮತ್ತೆ ಊಟ ಸೇರತೊಡಗಿತು.

ಆದರೆ ಒಂದು ದಿನ ಕೈ ಮುರಿದುಕೊಂಡವನೊಬ್ಬ ಬಂದ. ಇವರು ಗಾಬರಿಯಾಗಿ ಅವನನ್ನು ಎದುರುಮನೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಮಾವನಿಗೆ ಸಿಟ್ಟು ಬಂತು. ಆಗ ಇವರು ಮಾವನನ್ನು ಕೂರಿಸಿಕೊಂಡು, ತಾವು ಓದಬಹುದಾದದ್ದು ಮೈಗೆ ಔಷಧ ಕೊಡುವ ಡಾಕ್ಟರಿಕೆ ಅಲ್ಲ ಎಂದು ಬಿಡಿಸಿ ಹೇಳಿದರು.

"ಹಂಗಾದ್ರೆ ಯಾತರ ಡಾಕ್ಟ್ರು?"

"ತತ್ವಶಾಸ್ತ್ರದ ಡಾಕ್ಟರು."

ಮಾವ ಹಣೆ ಗಂಟು ಹಾಕಿಕೊಂಡು ಕೇಳಿದರು: "ತತ್ವಶಾಸ್ತ್ರಕ್ಕೆ ಏನ್ ಕಾಯಿಲೆ ಆಗೈತೆ?"

ಇವರು ನಗಲಿಲ್ಲ. ಒಂದಿಷ್ಟು ಹೊತ್ತು ಯೋಚಿಸಿ, "ಅದು ಹುಟ್ಟಿದಾಗಿನಿಂದ ಇರೋ ಕಾಯಿಲೆ ಅಪ್ಪ," ಎಂದರು. ಒಳಗೆ ರೊಟ್ಟಿ ತಟ್ಟುತ್ತಿದ್ದ ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ. ನಮ್ಮತ್ತೆ, "ಮತ್ತೆ ಅದನ್ನ ವಾಸಿ ಮಾಡಾಕೆ ಇಂಗ್ಲೆಂಡಿಗೆ ಯಾಕೆ ಹೋಗ್ಬೇಕು, ಅದಕ್ಕೇ ಗಾಡಿ ಕಟ್ಟಿಸಿ ಇಲ್ಲಿಗೆ ಕರಸ್ಕಳ್ರಿ," ಎಂದು ಒಲೆಗೆ ಕಟ್ಟಿಗೆ ನೂಕಿದರು.

ಮಾವನಿಗೆ ನಿರಾಸೆಯಾಯಿತು, ಆದರೆ ಸಂತೆಯಲ್ಲಿ ಹೇಳಿದ್ದನ್ನು ವಾಪಸು ಪಡೆಯುವ ಹಾಗಿರಲಿಲ್ಲ. ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಯುತ್ತಾರೋ ಇಲ್ಲವೋ ಎಂದು ಕೇಳಿದರು. ಬರೆಯುತ್ತಾರೆ ಎಂದು ಇವರು ಹೇಳಿದರು. "ಹಂಗಾದ್ರೆ ಸಾಕು. ಕಾಯಿಲೆ ಯಾವುದಾದ್ರೂ ಇರ್ಲಿ," ಎಂದರು ಮಾವ. ಇಂಗ್ಲೆಂಡಿನ ತಯಾರಿ ಶುರುವಾಯಿತು.

ಅಲ್ಲಿಯ ಜನ ಕೈಯಿಂದ ಊಟ ಮಾಡುವುದಿಲ್ಲ, ಮುಳ್ಳುಚಮಚದಿಂದ ಚುಚ್ಚಿ ತಿನ್ನುತ್ತಾರೆ ಎಂದು ಯಾರೋ ಹೇಳಿದ್ದರು. ಮಾವ ಕಮ್ಮಾರನ ಹತ್ತಿರ ಹೋಗಿ ಒಂದನ್ನು ಮಾಡಿಕೊಡಲು ಹೇಳಿದರು. ಅವನೂ ನೋಡಿದವನಲ್ಲ, ಮಾವನೂ ನೋಡಿದವರಲ್ಲ. ಮೂರು ಮುಳ್ಳು ಇರಬೇಕು, ಹಿಡಿ ಇರಬೇಕು ಎಂದು ಕೈಯಾಡಿಸಿ ತೋರಿಸಿದರು. ಅವನು ಒಂದು ಗೇಣುದ್ದದ ಕಬ್ಬಿಣದ ತ್ರಿಶೂಲ ಮಾಡಿಕೊಟ್ಟ. ಮಾವ ಅದನ್ನು ತಂದು ಪಡಸಾಲೆಯಲ್ಲಿಟ್ಟು ಕೈಕಾಲು ತೊಳೆಯಲು ಹೋದರು. ಬರುವಷ್ಟರಲ್ಲಿ ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಹೂವು ಮುಡಿಸಿ, ದೇವರ ಗೂಡಿನಲ್ಲಿ ನಿಲ್ಲಿಸಿದ್ದರು. ಒಮ್ಮೆ ಪೂಜೆ ಮಾಡಿದ್ದನ್ನು ಎಂಜಲು ಮಾಡಬಾರದು ಎಂದು ಅತ್ತೆ, ಊಟಕ್ಕೆಂದೇ ಮಾಡಿಸಿದ್ದು ಎಂದು ಮಾವ. ಕೊನೆಗೆ ಊಟದ ಹೊತ್ತಿಗೆ ಇವರು ಕೈಮುಗಿದು ಎತ್ತಿಕೊಳ್ಳುವುದು, ಊಟವಾದ ಮೇಲೆ ತೊಳೆದು ಮತ್ತೆ ಗೂಡಿನಲ್ಲಿಡುವುದು ಎಂದು ರಾಜಿಯಾಯಿತು.

ಅದರಿಂದ ಚುಚ್ಚಿದರೆ ಮುದ್ದೆ ಇಡಿಯಾಗಿ ಎದ್ದು ಬರುತ್ತಿತ್ತು. ಇವರು ಅದನ್ನು ಮುಖದ ಮುಂದೆ ಹಿಡಿದು, ಯಾವ ಕಡೆಯಿಂದ ಶುರು ಮಾಡುವುದು ಎಂದು ತಿರುಗಿಸಿ ನೋಡುತ್ತಿದ್ದರು. ಅಷ್ಟರಲ್ಲಿ ಅದು ನಿಧಾನವಾಗಿ ಜಾರಿ ಸಾರಿನೊಳಗೆ ಬೀಳುತ್ತಿತ್ತು. ಆ ತಿಂಗಳು ಇವರ ಅಂಗಿಗಳನ್ನು ಒಗೆದು ಒಗೆದು ನನ್ನ ರಟ್ಟೆ ಬಿದ್ದುಹೋಯಿತು.

ಹಡಗಿನ ಪ್ರಯಾಣದಲ್ಲಿ ತಲೆ ಸುತ್ತುತ್ತದೆ ಎಂದು ಇನ್ನೊಬ್ಬರು ಹೆದರಿಸಿದರು. ಮಾವ ಇವರನ್ನು ಪಡಸಾಲೆಯ ತೂಗುಮಣೆಯ ಮೇಲೆ ಕೂರಿಸಿ, ಊಟವಾದ ತಕ್ಷಣ ತಾವೇ ನಿಂತು ಜೋರಾಗಿ ತೂಗುತ್ತಿದ್ದರು. ಇವರು ಪುಸ್ತಕ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. "ಸಮುದ್ರದಾಗೆ ಅಲೆ ಅಡ್ಡಡ್ಡಾನೂ ಬರ್ತೈತಂತೆ," ಎಂದು ಒಂದು ದಿನ ಮಾವ ಮಣೆಯನ್ನು ಪಕ್ಕಕ್ಕೂ ದೂಡಿದರು. ಅವತ್ತು ಇವರು ತಿಂದ ಚಿತ್ರಾನ್ನವೆಲ್ಲ ಹೊರಗೆ ಬಂತು. ಮಾವನಿಗೆ ಸಂತೋಷವಾಯಿತು. ಇಲ್ಲೇ ಆಗಿಹೋದರೆ ಅಲ್ಲಿ ಆಗುವುದಿಲ್ಲ ಎನ್ನುವುದು ಅವರ ಲೆಕ್ಕ.

ಮನೆಯಲ್ಲಿ ಇಷ್ಟೆಲ್ಲ ನಗೆಪಾಟಲು ನಡೆಯುತ್ತಿದ್ದರೂ ನನಗೆ ಒಳಗೊಳಗೇ ಅಳುಕಿತ್ತು. ಮೂರು ನಾಲ್ಕು ವರ್ಷ ಎಂದರೆ ಸಣ್ಣ ಮಾತೇ? ಒಂದು ಮಧ್ಯಾಹ್ನ ಇವರು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ನೀರು ಹಾಕುತ್ತ ಕೇಳಿದೆ: "ನಿಮಗೆ ಹೋಗೋಕೆ ಮನಸ್ಸೈತಾ?"

"ಮನಸ್ಸು ಅನ್ನೋದನ್ನ ಹೆಂಗೆ ತಗೋತೀವಿ ಅನ್ನೋದರ ಮೇಲೆ—"

"ಐತೆ ಅನ್ರಿ, ಇಲ್ಲ ಅನ್ರಿ."

ಇವರು ಕೈಯಿಂದ ನೀರು ತೊಟ್ಟಿಕ್ಕಿಸುತ್ತ ನಿಂತರು. ನಾನು ಚೊಂಬು ಕುಕ್ಕಿ ಒಳಗೆ ಹೋದೆ. ಅವತ್ತಿನ ಸಾರಿಗೆ ಉಪ್ಪು ಹಾಕಲಿಲ್ಲ, ಬೇಕೆಂದೇ. ಇವರಿಗೆ ಅದು ಗೊತ್ತೇ ಆಗಲಿಲ್ಲ.

ಅಷ್ಟರಲ್ಲಿ ಮಂಡಿಗೆ ಬಂದ ಒಬ್ಬ ಗುತ್ತಿಗೆದಾರ ಮಾವನಿಗೆ ಒಂದು ಸುದ್ದಿ ಹೇಳಿದ. ದುರ್ಗದಲ್ಲಿ ಒಬ್ಬರಿದ್ದಾರೆ, ಇಂಗ್ಲೆಂಡಿಗೆ ಹೋಗಿ ಇದೇ ತತ್ವಶಾಸ್ತ್ರದಲ್ಲಿ ಡಾಕ್ಟರಾಗಿ ಬಂದಿದ್ದಾರೆ, ಸರ್ಕಾರಿ ಹುದ್ದೆಯಲ್ಲಿದ್ದಾರೆ ಎಂದು. ಯಾವ ಹುದ್ದೆ ಎಂದು ಅವನು ಹೇಳಲಿಲ್ಲ, ಮಾವ ಕೇಳಲಿಲ್ಲ. "ಹೋಗಾಣ. ಅವರ ಬಾಯಿಂದಾನೇ ಕೇಳಾಣ," ಎಂದರು. ಅತ್ತೆ, "ಮಠಕ್ಕೆ ಹೋಗಿ ದೊಡ್ಡಬುದ್ಧಿಯೋರ ದರ್ಶನ ಮಾಡಿ ಬಾಳ ದಿನ ಆತು, ನಾನೂ ಬತ್ತೀನಿ. ಗಂಡ ಸಮುದ್ರ ದಾಟ್ತಾನೆ ಅಂದ್ರೆ ಹೆಂಡ್ತಿ ಕಿವಿಗೂ ಬೀಳಲಿ, ಅವಳೂ ಬರ್ಲಿ," ಎಂದರು. ಹೀಗೆ ನಾವು ನಾಲ್ವರೂ ಹೋಳಿಗೆ, ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಮೋಟಾರಿನಲ್ಲಿ ದುರ್ಗಕ್ಕೆ ಹೊರಟೆವು. ಮೋಟಾರು ದಾರಿಯಲ್ಲಿ ಎದ್ದು ಬಿದ್ದು ಹೋಗುತ್ತಿದ್ದರೆ ಮಾವ ಹಿಂದಿನಿಂದ, "ಹೆಂಗೈತೆ? ತಲೆ ಸುತ್ತಲ್ಲ ಅಲ್ವಾ?" ಎಂದು ಇವರನ್ನು ಕೇಳುತ್ತಲೇ ಇದ್ದರು.

ಮಠದ ದರ್ಶನ ಮುಗಿಸಿ ಆ ಡಾಕ್ಟರ ಮನೆ ಹುಡುಕಿದೆವು. ಕೋಟೆಯ ಬೆಟ್ಟದ ಬುಡದಲ್ಲಿ, ಬಂಡೆಗಳ ಪಕ್ಕದಲ್ಲಿ ಒಂದು ಹೆಂಚಿನ ಮನೆ. ಹತ್ತಿರ ಹೋಗುತ್ತಿದ್ದ ಹಾಗೆ ಹುಳಿಹುಳಿಯಾದ ವಾಸನೆ ಮೂಗಿಗೆ ಬಡಿಯಿತು. ಅತ್ತೆ ಮೂಗಿಗೆ ಸೆರಗು ಹಿಡಿದರು. ಜಗಲಿಯ ತುಂಬ ಸಾಲಾಗಿ ಸೀಸೆಗಳು, ಮಡಕೆಗಳು. ಎಲ್ಲದರಲ್ಲೂ ಈಚಲು ಹೆಂಡ. ನಡುವೆ ಕನ್ನಡಕ ಹಾಕಿಕೊಂಡ ಬಡಕಲು ಮನುಷ್ಯರೊಬ್ಬರು ಒಂದು ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರೇ ಡಾಕ್ಟರು. ಹುದ್ದೆ ಅಬಕಾರಿ ಇನ್ಸ್‌ಪೆಕ್ಟರು.

ಮಾವ ಅಲ್ಲಿಂದಲೇ ತಿರುಗಿ ಹೊರಟಿದ್ದರು. ಅಷ್ಟರಲ್ಲಿ ಇವರು ತಮ್ಮ ಪರಿಚಯ ಹೇಳಿದರು. ತತ್ವಶಾಸ್ತ್ರದ ಎಂ.ಎ. ಎಂಬ ಮಾತು ಕಿವಿಗೆ ಬಿದ್ದದ್ದೇ ಆ ಮನುಷ್ಯ ಸೀಸೆಯನ್ನು ಕೆಳಗಿಟ್ಟು, ಓಡಿಬಂದು ಇವರ ಎರಡೂ ಕೈ ಹಿಡಿದುಕೊಂಡರು. ದಾರಿ ತಪ್ಪಿದ ತಮ್ಮ ಸಿಕ್ಕಿದ ಹಾಗೆ. ಅವರ ಕಣ್ಣಲ್ಲಿ ನೀರಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಹೆಂಡದ ಘಾಟಿಗೆ ಬಂದದ್ದು ಎಂದು ಮಾವ ಹೇಳುತ್ತಿದ್ದರು.

"ಬನ್ನಿ, ಕೂತ್ಕೊಳ್ಳಿ. ನೀವು ಮಡಕೆ ಒಂಚೂರು ಆಚೆ ಸರಿಸಿ ಕೂತ್ಕೊಳ್ಳಿ ತಾಯಿ," ಎಂದರು. ನಮ್ಮ ಬುತ್ತಿಗಂಟನ್ನು ಜಗಲಿಯ ಮೂಲೆಯಲ್ಲಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕುಳಿತೆವು.

ಮಾವ ಸುತ್ತುಬಳಸದೆ ಕೇಳಿದರು: "ಸ್ವಾಮಿ, ಅಷ್ಟು ಓದಿದೋರಿಗೆ ಹೆಂಡದ ಕೆಲಸ ಯಾಕೆ ಬಂತು?"

"ಊರಿಗೆ ಬಂದಾಗ ತತ್ವಶಾಸ್ತ್ರದ ಹುದ್ದೆ ಖಾಲಿ ಇರಲಿಲ್ಲ. ಅಬಕಾರಿಯಲ್ಲಿ ಖಾಲಿ ಇತ್ತು. ಡಾಕ್ಟರ್ ಅನ್ನೋದು ನೋಡಿ, ಇವನಿಗೆ ಹೆಂಡ ಪರೀಕ್ಷೆ ಮಾಡೋಕೆ ಬರುತ್ತೆ ಅಂದುಕೊಂಡರೋ ಏನೋ."

"ಬರ್ತೈತಾ?"

"ಕುಡಿಯೋಲ್ಲ ನಾನು. ಮೂಸಿ ನೋಡಿ ಬರೀತೀನಿ."

"ಅಲ್ಲಿ ಇಂಗ್ಲೆಂಡ್ನಾಗೆ ಏನು ಓದಿದ್ರಿ?"

ಡಾಕ್ಟರ ಮುಖ ಅರಳಿತು. ಎದುರಿಗಿದ್ದ ಮೇಜನ್ನು ತೋರಿಸಿದರು. "ಈ ಮೇಜು ಇದೆ, ನಾವು ನೋಡ್ತಾ ಇದ್ದೀವಿ. ನಾವೆಲ್ಲ ಎದ್ದು ಹೋದಮೇಲೆ, ಯಾರೂ ನೋಡದೇ ಇರುವಾಗ ಇದು ಇರುತ್ತೋ ಇಲ್ಲವೋ? ನಾಲ್ಕು ವರ್ಷ ಅದನ್ನೇ ಓದಿದೆ."

ಮಾವ ಮೇಜನ್ನು ನೋಡಿದರು. "ಇರ್ತೈತಾ?"

"ಬಹುಶಃ ಇರುತ್ತೆ."

"ಬಹುಶಃ ಅನ್ನಾಕೆ ನಾಲ್ಕು ವರ್ಷ ಹಿಡೀತಾ?"

"ಹೋಗುವಾಗ ಖಂಡಿತ ಇರುತ್ತೆ ಅಂತ ಅಂದುಕೊಂಡಿದ್ದೆ. ಬಹುಶಃ ಅನ್ನೋವರೆಗೆ ಬರೋದಕ್ಕೆ ನಾಲ್ಕು ವರ್ಷ ಬೇಕಾಯಿತು."

ಇವರು ಅಷ್ಟರಲ್ಲಿ ಚಾಪೆಯ ತುದಿಗೆ ಸರಿದಿದ್ದರು. "ಖಂಡಿತ ಅನ್ನೋದನ್ನ ಬಿಟ್ಟುಕೊಟ್ಟಿದ್ದು ಯಾಕೆ?" ಎಂದರು. ಅಲ್ಲಿಗೆ ಮುಗಿಯಿತು. ಇಬ್ಬರೂ ವಾದಕ್ಕೆ ಕುಳಿತರು. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಎದ್ದು ಮೇಜಿಗೆ ಬೆನ್ನು ತಿರುಗಿಸಿ ನಿಂತರು, ಒಬ್ಬರು ನೋಡುತ್ತ ಇನ್ನೊಬ್ಬರು ಕಣ್ಣು ಮುಚ್ಚಿದರು, ಮೇಜಿನ ಕೆಳಗೆ ಬಗ್ಗಿದರು. ಮದುವೆಯಾದ ಮೇಲೆ ಇವರನ್ನು ಅಷ್ಟು ಹುರುಪಿನಲ್ಲಿ ನಾನು ಕಂಡಿರಲಿಲ್ಲ. ಮಾವ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತ ಕುಳಿತರು. ಹೊಟ್ಟೆ ಚುರುಗುಟ್ಟಿದಾಗ ಅತ್ತೆ ಬುತ್ತಿ ತರಲು ಜಗಲಿಗೆ ಹೋದರು. ಹೋದವರು ಬಾಗಿಲಲ್ಲೇ ನಿಂತರು.

ಕೋಟೆಯ ಕಡೆಯಿಂದ ಇಳಿದುಬಂದ ಕೋತಿಗಳು ಗಂಟು ಬಿಚ್ಚಿ ಬಂಡೆಯ ಮೇಲೆ ಪಂಕ್ತಿ ಹಾಕಿ ಕುಳಿತಿದ್ದವು. ಒಂದರ ಕೈಯಲ್ಲಿ ಹೋಳಿಗೆ, ಇನ್ನೊಂದರ ಕೈಯಲ್ಲಿ ರೊಟ್ಟಿ. ಮರಿಯೊಂದು ಚಟ್ನಿಪುಡಿ ನೆಕ್ಕಿ ಕಣ್ಣುಜ್ಜಿಕೊಳ್ಳುತ್ತಿತ್ತು. ಮಡಕೆಯೊಂದನ್ನೂ ಉರುಳಿಸಿದ್ದವು. ದೊಡ್ಡ ಗಡವವೊಂದು ಗೋಡೆಗೆ ಒರಗಿ ಹೋಳಿಗೆಯನ್ನು ಬಾಯಿಗಿಡಲು ಹೋಗಿ ಕಿವಿಗಿಟ್ಟುಕೊಳ್ಳುತ್ತಿತ್ತು.

ಅತ್ತೆ ಒಳಗೆ ಬಂದು, "ಯಾರೂ ನೋಡದಿದ್ರೆ ಮೇಜು ಉಳಿತೈತೋ ಏನೋ. ಹೋಳಿಗೆ ಉಳೀಲಿಲ್ಲ," ಎಂದರು.

ನಾನು ನಕ್ಕೆ, ಮಾವನೂ ನಕ್ಕರು. ಡಾಕ್ಟರು ನಗಲಿಲ್ಲ. ಕನ್ನಡಕ ತೆಗೆದು, "ಅದು ಹಾಗಲ್ಲ ತಾಯಿ. ಕೋತಿಗಳು ನೋಡ್ತಾ ಇದ್ದವಲ್ಲ," ಎಂದರು. ಇವರು, "ಕೋತಿ ನೋಡೋದನ್ನ ನೋಡೋದು ಅಂತ ಲೆಕ್ಕಕ್ಕೆ ತಗೋಬಹುದಾ?" ಎಂದರು. ಮತ್ತೆ ಶುರುವಾಯಿತು. ನಾನು ಅಡುಗೆಮನೆ ಹುಡುಕಿಕೊಂಡು ಹೋದೆ. ಡಾಕ್ಟರಿಗೆ ಮದುವೆಯಾಗಿರಲಿಲ್ಲ. ಡಬ್ಬಗಳಲ್ಲಿ ರವೆ ಸಿಕ್ಕಿತು. ಉಪ್ಪಿಟ್ಟು ಕೆದಕಿ ಎಲ್ಲರಿಗೂ ಕೊಟ್ಟೆ.

ತಿನ್ನುತ್ತ ಮಾವ ಬಂದ ಕೆಲಸಕ್ಕೆ ಬಂದರು. "ಈಗ ನಿಜ ಹೇಳ್ರಿ. ನಮ್ಮ ಹುಡುಗ ಎಂ.ಎ.ಗೇ ನಿಲ್ಲಿಸಿದ್ರೆ ಅದು ದಂಡವಾ?"

ಡಾಕ್ಟರು ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. "ಎಂ.ಎ. ಮಾಡಿದವರು ಏನು ಬೇಕಾದರೂ ಕೇಳಬಹುದು, ಬೇಸರವಾದರೆ ಬಿಟ್ಟು ಬೇರೆಯದು ಕೇಳಬಹುದು. ನನಗೆ ಆ ಸುಖ ಇಲ್ಲ. ನನಗೆ ಈ ಮೇಜು ಗಂಟು ಬಿದ್ದಿದೆ. ಹೆಂಡ ಇಳಿಸೋ ಈಚಲು ಮರಕ್ಕೆ ಸರ್ಕಾರದ ನಂಬರು ಹಾಕಿಸೋಕೆ ಹೋದರೂ, ನಾನು ಹಿಂದಿರುಗಿದ ಮೇಲೆ ಮರ ಇರುತ್ತೋ ಇಲ್ಲವೋ ಅಂತ ತಿರುಗಿ ತಿರುಗಿ ನೋಡ್ತೀನಿ. ಕೆಲಸದವರು ನನಗೆ ಏನೋ ಹಿಡಿದಿದೆ ಅಂತಾರೆ." ಸ್ವಲ್ಪ ತಡೆದು, "ಆದರೆ ಹೋಗಿದ್ದಕ್ಕೆ ನನಗೆ ಬೇಸರ ಇಲ್ಲ. ಬಂದಮೇಲೆ ಮಾತಾಡೋಕೆ ಯಾರೂ ಇಲ್ಲ ಅನ್ನೋದೇ ಬೇಸರ. ಇವತ್ತು ಅದೂ ಹೋಯಿತು," ಎಂದರು.

ಮಾವ ಕೈ ತೊಳೆದು, ಶಲ್ಯ ಹೊದ್ದು ಎದ್ದರು.

ಹಿಂದಿರುಗುವ ಮೋಟಾರಿನಲ್ಲಿ ಇವರು ನನ್ನ ಕಡೆ ಬಗ್ಗಿ, "ಇಲ್ಲ," ಎಂದರು.

"ಏನು ಇಲ್ಲ?"

"ಅವತ್ತು ಹಿತ್ತಲಲ್ಲಿ ಕೇಳಿದೆಯಲ್ಲ. ಹೋಗೋಕೆ ಮನಸ್ಸಿಲ್ಲ. ಒಂದೇ ಮೇಜಿನ ಜೊತೆ ನಾಲ್ಕು ವರ್ಷ ನನ್ನ ಕೈಲಾಗಲ್ಲ."

ಹೆಂಡತಿಯನ್ನು ಬಿಟ್ಟು ಇರೋಕಾಗಲ್ಲ ಎಂದು ಹೇಳಿದ್ದರೆ ಚೆನ್ನಾಗಿತ್ತು. ಆದರೂ ನಾನು ಸಿಟ್ಟಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು, ಹೊಳಲ್ಕೆರೆ ಬರುವವರೆಗೂ ಖುಷಿಯಲ್ಲಿ ಕುಳಿತಿದ್ದೆ.

ಮಾವ ಎದುರುಮನೆಯವರಿಗೆ ಏನು ಹೇಳುತ್ತಾರೋ ಎಂದು ನಮಗೆಲ್ಲ ದಿಗಿಲಿತ್ತು. ಅವರು ಜಗಲಿಯ ಮೇಲೆ ನಿಂತು ಜೋರಾಗಿ, "ನಮ್ಮ ಹುಡುಗ ಹೋಗಲ್ಲ ಕಣಪ್ಪ. ಇಂಗ್ಲೆಂಡಿನ ಡಾಕ್ಟ್ರೇ ವಾರ ವಾರ ನಮ್ಮನಿಗೆ ಬತ್ತಾರೆ," ಎಂದರು. ಅದು ಸುಳ್ಳೂ ಆಗಲಿಲ್ಲ. ಮುಂದಿನ ಭಾನುವಾರ ಡಾಕ್ಟರು ಬೆಳಗಿನ ಮೋಟಾರಿಗೇ ಬಂದಿಳಿದರು. ಅದರ ಮುಂದಿನ ಭಾನುವಾರವೂ ಬಂದರು. ಮುದ್ದೆಯನ್ನು ಕೈಯಿಂದಲೇ ಮುರಿದು, ಅದ್ದಿ ನುಂಗಿ, ತೂಗುಮಣೆಯ ಮೇಲೆ ಇವರ ಪಕ್ಕ ಕುಳಿತು ಸಂಜೆಯವರೆಗೆ ವಾದ ಮಾಡುತ್ತಿದ್ದರು.

ನಾವು ಯಾರೂ ಎಣಿಸದಿದ್ದದ್ದು ಮಾವನಿಗೆ ಆದದ್ದು. ಮೊದಮೊದಲು ಅವರು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು. ಆಮೇಲೆ ತೂಕಡಿಕೆ ನಿಂತಿತು. ಆಮೇಲೆ, "ಹಂಗಲ್ಲ, ಹಿಂಗೆ ನೋಡ್ರಿ," ಎಂದು ನಡುವೆ ಬಾಯಿ ಹಾಕತೊಡಗಿದರು. ಮಳೆಗಾಲ ಬರುವ ಹೊತ್ತಿಗೆ ಮೂವರಲ್ಲಿ ಅವರದೇ ದನಿ ಎಲ್ಲಕ್ಕಿಂತ ಮೇಲೆ. ಭಾನುವಾರಕ್ಕೆ ಮುಗಿಯದೆ ಮಂಡಿಗೂ ಅದು ಹೋಯಿತು. ಭೀಮಸಮುದ್ರದ ಒಬ್ಬ ತೋಟದವನು ಅಡಿಕೆ ತಂದು ಸುರಿದರೆ, ಮಾವ ಒಂದನ್ನು ಎತ್ತಿ ಹಿಡಿದು ಕೇಳಿದರಂತೆ:

"ಈ ಕೆಂಪು ಅನ್ನೋದು ಅಡಿಕೆದಾಗೆ ಐತೋ, ನಿನ್ನ ಕಣ್ಣಾಗೆ ಐತೋ?"

"ಅಡಿಕೆದಾಗೇ ಐತಲ್ಲ ಯಜಮಾನ್ರೆ."

"ಕತ್ತಲಾದ್ಮೇಲೆ ಎಲ್ಲಿಗೆ ಹೋಗ್ತೈತೆ?"

ತೋಟದವನು ಸುತ್ತಮುತ್ತ ನೋಡಿದ. ಇದೇನೋ ಹೊಸ ಥರದ ಚೌಕಾಸಿ ಎಂದುಕೊಂಡು ತಾನಾಗೇ ದರ ಇಳಿಸಿದ. ಮಾವನಿಗೆ ದರ ಬೇಕಾಗಿರಲಿಲ್ಲ, ಉತ್ತರ ಬೇಕಾಗಿತ್ತು. "ದರ ಆಮೇಲೆ ನೋಡಾಣ, ಕೆಂಪು ಎಲ್ಲಿ ಹೋಗ್ತೈತೆ ಹೇಳು," ಎಂದರು. ಅವನು ಇನ್ನೂ ಇಳಿಸಿದ. ಆ ವರ್ಷ ಮಂಡಿಯ ವ್ಯಾಪಾರ ಹಿಂದೆಂದೂ ಆಗದಷ್ಟು ಚೆನ್ನಾಗಿ ಆಯಿತು. ಜವಳಿಯವರು ತಡೆಯಲಾರದೆ ಒಂದು ಭಾನುವಾರ ತಾವೂ ಬಂದು ಕುಳಿತರು. ಸೀರೆಯ ಅಂಚು ಎಲ್ಲಿ ಮುಗಿದು ಅದರ ಒಡಲು ಎಲ್ಲಿ ಶುರುವಾಗುತ್ತದೆ ಎಂಬ ಅವರ ಪ್ರಶ್ನೆಗೆ ಡಾಕ್ಟರು ಮಾರುಹೋದರು. ಮಾವ ಆ ವಾರವೆಲ್ಲ ಮುಖ ಗಂಟಿಕ್ಕಿಕೊಂಡಿದ್ದು, ಅದಕ್ಕಿಂತ ಒಳ್ಳೆಯ ಪ್ರಶ್ನೆ ಹುಡುಕುತ್ತಿದ್ದರು.

ಇವರು ಮುಂದೆ ಹೊಸದುರ್ಗದ ಶಾಲೆಗೆ ಹೆಡ್‌ಮಾಸ್ಟರಾದರು. ಎಂ.ಎ. ಎಂದು ಬಾಗಿಲ ಮೇಲೆ ಹಲಗೆ ಹಾಕಿದ್ದರು, ಅಷ್ಟೇ. ಅಲ್ಲಿಗೂ ಭಾನುವಾರ ಡಾಕ್ಟರು ಬಂದರು, ಹೊಳಲ್ಕೆರೆಯಿಂದ ಮಾವನೂ ಬಂದರು. ಆ ಓದಿನಿಂದ ಏನು ಸಿಕ್ಕಿತು ಎಂದು ಈಗ ಕೆಲವರು ನನ್ನನ್ನು ಕೇಳುತ್ತಾರೆ. ಡಾಕ್ಟರು ಆಗದೆ ಅದು ಅರ್ಧಕ್ಕೇ ನಿಂತಿತಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೇಳೆ ಸೀದದ್ದುಂಟು, ಹಾಲು ಉಕ್ಕಿದ್ದುಂಟು, ನಾವಿಬ್ಬರೂ ಒಂದೇ ಮಾತಿಗೆ ಒಂದು ವಾರ ಜಗಳವಾಡಿದ್ದುಂಟು. ಬೇಸರದಿಂದ ಆಕಳಿಸಿದ ಒಂದು ದಿನ ನನಗೆ ನೆನಪಿಲ್ಲ. ಅರ್ಧಕ್ಕೇ ಇಷ್ಟಾದರೆ ಪೂರ್ತಿಯಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಇಲ್ಲವೋ.

ನಮ್ಮ ಮಗಳು ದುರ್ಗದ ಹೈಸ್ಕೂಲಿಗೆ ಸೇರಿದಾಗ ಯಾವ ವಿಷಯ ತೆಗೆದುಕೊಳ್ಳುವುದು ಎಂಬ ಮಾತು ಬಂತು. ಅವಳು ಹುಟ್ಟಿದಾಗಿನಿಂದ ಇವರೆಲ್ಲರ ಭಾನುವಾರಗಳನ್ನು ಕಂಡವಳು. ಯಾರಿಗೂ ಹೇಳದೆ ಗಣಿತ ಆರಿಸಿಕೊಂಡು ಬಂದಳು. "ಎರಡೂ ಎರಡೂ ನಾಲ್ಕು ಅಂದ್ರೆ ಅಲ್ಲಿಗೆ ಮುಗೀತು ಅವ್ವ. ಯಾರೂ ಏನೂ ಕೇಳಂಗಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆ ಭಾನುವಾರ ಊಟಕ್ಕೆ ಕುಳಿತಾಗ ತಾತನಿಗೆ ಸುದ್ದಿ ತಿಳಿಯಿತು. ಅವರು ತಟ್ಟೆಯಿಂದ ಕೈ ತೆಗೆದು, ಪ್ರೀತಿಯಿಂದ ಮೊಮ್ಮಗಳ ಕಡೆ ತಿರುಗಿ, "ಬಾಳ ಒಳ್ಳೇದಾತು. ಈಗ ನೀನು ಹೇಳು ನೋಡಾಣ. ಎರಡು ಅಂದ್ರೆ ಏನು?" ಎಂದರು. ಡಾಕ್ಟರು ಮೊಸರಿನ ಪಾತ್ರೆ ಕೆಳಗಿಟ್ಟರು. ಇವರು ಮಂಡಿಯೂರಿ ಮುಂದಕ್ಕೆ ಸರಿದರು.

ಮಗಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದು, ನನ್ನ ಪಕ್ಕ ಒಲೆಯ ಮುಂದೆ ಕುಳಿತು ಊಟ ಮಾಡಿದಳು.